ಹಿತ್ತಲಿನ ಯಜಮಾನಿಕೆ

ಹೂ ಬೆಳೆಸುವವರು, ರಂಗೋಲಿ ಹಾಕುವವರು, ಹಳೆ ಸೀರೆ ಸೇರಿಸಿ ಕೌದಿ ಹೊಲಿಯುವವರು ಒಂದಲ್ಲ ಒಂದು ದಿನ ಎದುರಿಸಲೇಬೇಕಾದ ಪ್ರಶ್ನೆಯೊಂದಿದೆ: ‘ಇದರಿಂದ ಏನು ಸಿಗುತ್ತೆ?’ ಹಿಂದೆ ಇದನ್ನು ಮನೆಯ ಹಿರಿಯರು ಗೊಣಗುತ್ತ ಕೇಳುತ್ತಿದ್ದರು. ಈಗ ಹಿತೈಷಿಗಳು ಉತ್ಸಾಹದಿಂದ ಕೇಳುತ್ತಾರೆ. ಇಷ್ಟು ಚೆನ್ನಾಗಿ ಮಾಡ್ತೀರಲ್ಲ, ಮಾರಬಾರದೇಕೆ? ಯೂಟ್ಯೂಬಿಗೆ ಹಾಕಬಾರದೇಕೆ? ಮಾರಾಟದ ದಾರಿ ಕಾಣದಿದ್ದರೆ ಆರೋಗ್ಯದ ಲೆಕ್ಕಕ್ಕಾದರೂ ಸೇರಿಸುತ್ತಾರೆ. ಗಿಡಗಳ ಜೊತೆಗಿದ್ದರೆ ಬಿಪಿ ಇಳಿಯುತ್ತದಂತೆ, ಟೆನ್ಶನ್ ಕಡಿಮೆಯಾಗುತ್ತದಂತೆ. ಇಳಿಯಲಿ, ಬೇಡ ಎಂದವರಾರು? ಆದರೆ ಬಿಪಿ ಇಳಿಸಲೆಂದೇ ಗಿಡ ನೆಟ್ಟವರು ಬಹಳ ದಿನ ನೀರು ಹಾಕಿದ್ದನ್ನು ನಾನಂತೂ ನೋಡಿಲ್ಲ. ಅದಕ್ಕೆ ಮಾತ್ರೆಯೇ ಸುಲಭ.

ಹಾಗಾದರೆ ಲಾಭವಿಲ್ಲದ ಕೆಲಸದಲ್ಲಿ ಜನ ವರ್ಷಗಟ್ಟಲೆ ಮುಳುಗುವುದು ಏತಕ್ಕೆ? ಉತ್ತರ ಹುಡುಕುವವರು ಮಲೆನಾಡಿನ ಡೇರೆ ಹೂವಿನ ಹುಚ್ಚನ್ನು ಒಮ್ಮೆ ನೋಡಬೇಕು.

ಡೇರೆಯ, ಅಂದರೆ ಡೇಲಿಯಾದ, ತವರು ಮೆಕ್ಸಿಕೊ. 1963ರಲ್ಲಿ ಆ ದೇಶ ಅದನ್ನು ತನ್ನ ರಾಷ್ಟ್ರೀಯ ಹೂವೆಂದು ಘೋಷಿಸಿತು. ಶಿರಸಿ, ಸಿದ್ದಾಪುರ, ಸಾಗರದ ಕಡೆ ಮಳೆಗಾಲದ ಅಂಗಳ ಕಂಡವರಿಗೆ ಮಾತ್ರ ಅದು ಪರದೇಶದ್ದೆಂದು ಅನಿಸುವುದೇ ಇಲ್ಲ. ಬೇಸಿಗೆಯಲ್ಲಿ ಒಣಮರಳಿನಲ್ಲೋ ಬೂದಿಯಲ್ಲೋ ಮಲಗಿದ್ದ ಗೆಡ್ಡೆ ಮುಂಗಾರಿನ ಹೊತ್ತಿಗೆ ಕಣ್ಣು ಬಿಡುತ್ತದೆ. ಗೆಡ್ಡೆ ಎಷ್ಟು ದಪ್ಪವಿದ್ದರೇನು, ಹಳೆ ಕಾಂಡಕ್ಕೆ ಅಂಟಿದ ಕುತ್ತಿಗೆಯಲ್ಲಿ ಕಣ್ಣಿಲ್ಲದಿದ್ದರೆ ಮೊಳೆಯುವುದಿಲ್ಲ. ಅದಕ್ಕೇ ಗೆಡ್ಡೆ ಬಿಡಿಸುವ ಕೆಲಸವನ್ನು ಯಾರೂ ಸುಲಭಕ್ಕೆ ಬೇರೆಯವರ ಕೈಗೆ ಕೊಡುವುದಿಲ್ಲ. ನೆಟ್ಟಲ್ಲಿ ನೀರು ನಿಲ್ಲದಂತೆ ಮಣ್ಣೇರಿಸಬೇಕು. ಆರಿದ್ರಾ ಮಳೆ ಹಿಡಿದುಕೊಂಡು ಗೆಡ್ಡೆ ಕೊಳೆಯಿತೋ, ಆ ವರ್ಷದ ಆಸೆ ಹೋಯಿತು. ಗಿಡ ಎದ್ದ ಮೇಲೆ ಗಾಳಿಗೆ ಮುರಿಯದಂತೆ ಕೋಲು ಕೊಟ್ಟು ಕಟ್ಟಬೇಕು, ರಾತ್ರಿ ಟಾರ್ಚು ಹಿಡಿದು ಬಸವನಹುಳು ಹೆಕ್ಕಬೇಕು. ಅಕ್ಕಪಕ್ಕದ ಮೊಗ್ಗು ಚಿವುಟಿ ನಡುವಿನದೊಂದನ್ನೇ ಉಳಿಸಿದರೆ ತಟ್ಟೆಯಗಲದ ಹೂ. ಚೌತಿಯ ಹೊತ್ತಿಗೆ ಅರಳಿದರೆ ಪಟ್ಟ ಪಾಡು ಸಾರ್ಥಕ. ಮಳೆನೀರು ತುಂಬಿ ತಲೆ ತಗ್ಗಿಸಿದ ಹೂವನ್ನು ಬೆರಳಿನಿಂದೆತ್ತಿ, ನೀರು ಕೊಡವಿ ನೋಡಲು ನಾಲ್ಕು ಮನೆಯವರು ಬರುತ್ತಾರೆ. ಬಂದವರು ಮುಂದಿನ ವರ್ಷದ ಗೆಡ್ಡೆಗೆ ಈಗಲೇ ಹೇಳಿಟ್ಟು ಹೋಗುತ್ತಾರೆ. ದುಡ್ಡಿನ ಮಾತೇ ಇಲ್ಲ, ಬದಲಿಗೆ ತಮ್ಮಲ್ಲಿರುವ ಬೇರೆ ಬಣ್ಣದ್ದೊಂದು ಕೊಡುತ್ತಾರೆ. ಕೇಳದೆ ಕಿತ್ತು ತಂದ ಗಿಡವೇ ಚೆನ್ನಾಗಿ ಹತ್ತುತ್ತದೆಂಬ ನಂಬಿಕೆಯೂ ಇದೆ. ಅದರ ನ್ಯಾಯಾನ್ಯಾಯ ಇಲ್ಲಿ ಬೇಡ.

ಇಷ್ಟೊಂದು ಪಡಿಪಾಟಲನ್ನು ‘ಟೈಮ್‌ಪಾಸ್’ ಎಂದು ಕರೆಯುವವರು ಒಂದು ಸಂಗತಿ ಗಮನಿಸಿಲ್ಲ. ಅಡಿಕೆ ತೋಟಕ್ಕೆ ಗೊಬ್ಬರ ಎಷ್ಟು, ಕೊಯ್ಲು ಯಾವಾಗ, ಬಂದ ಹಣ ಯಾರ ಕೈಗೆ ಎಂಬುದೆಲ್ಲ ಬಹುಕಾಲ ಗಂಡಸರ ತೀರ್ಮಾನವಾಗಿತ್ತು. ತೋಟದಲ್ಲಿ ಹೆಂಗಸಿನ ದುಡಿಮೆ ನಡೆಯುತ್ತಿತ್ತು, ಮಾತು ನಡೆಯುತ್ತಿರಲಿಲ್ಲ. ಮನೆಯ ಸುತ್ತಲಿನ ತುಂಡು ನೆಲದಲ್ಲಿ ಮಾತ್ರ ಅವಳನ್ನು ಕೇಳುವವರಿರಲಿಲ್ಲ. ಬಸಳೆ ಚಪ್ಪರ ಎಲ್ಲಿ ಕಟ್ಟಬೇಕು, ಯಾವ ಸೌತೆಯನ್ನು ಬೀಜಕ್ಕೆ ಬಿಡಬೇಕು, ಯಾವ ಡೇರೆ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದೆಲ್ಲ ಅವಳದೇ. ಶಿರಸಿಯ ‘ವನಸ್ತ್ರೀ’ ಬಳಗ ಬೀಜ ಉಳಿಸುವ ಕೆಲಸಕ್ಕೆ ಹಿತ್ತಲಿನ ಹೆಂಗಸರನ್ನೇ ನೆಚ್ಚಿಕೊಂಡಿದ್ದು ಸುಮ್ಮನಲ್ಲ. ಹಿತ್ತಲಿನ ಖುಷಿಯ ಬೇರು ಈ ಯಜಮಾನಿಕೆಯಲ್ಲಿದೆ ಎಂಬುದು ನನ್ನ ವಾದ. ಜೊತೆಗೆ ಆ ಯಜಮಾನಿಕೆಗೊಂದು ಗಡಿಯೂ ಇದೆ. ಏನು ನೆಡಬೇಕೆಂಬುದು ನಮ್ಮಿಷ್ಟ, ಯಾವಾಗ ಅರಳಬೇಕೆಂಬುದು ಮಳೆ-ಬಿಸಿಲಿನ ಇಷ್ಟ. ಪಾಲಿಹೌಸಿನ ಜರ್ಬೆರಾ ವರ್ಷವಿಡೀ ಪೇಟೆಯಲ್ಲಿ ಸಿಗುತ್ತದೆ, ನೋಡಲು ಚೆಂದವೇ. ಆದರೆ ‘ನಮ್ಮನೆಗೆ ಜರ್ಬೆರಾ ಬಂದಿದೆ, ನೋಡೋಕೆ ಬಾ’ ಎಂದು ಪಕ್ಕದ ಮನೆಯವರನ್ನು ಯಾರೂ ಕೂಗಿ ಕರೆಯುವುದಿಲ್ಲ.

ಇದೆಲ್ಲ ಹೊಟ್ಟೆ ತುಂಬಿದವರ ಶೋಕಿ ಎಂಬ ಆಕ್ಷೇಪ ಬಂದೇ ಬರುತ್ತದೆ. ಬೆಳಗಿನಿಂದ ಕೂಲಿ ಮಾಡಿ ಬಂದವಳಿಗೆ ಡೇರೆಯ ಮೊಗ್ಗು ಚಿವುಟುವ ಪುರಸೊತ್ತೆಲ್ಲಿ? ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಸಾಗರ, ಸೊರಬದ ದೀವರ ಸಮುದಾಯದ ಮನೆಗಳಲ್ಲಿ ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ ಸಿದ್ಧವಾಗುವುದನ್ನು ನೋಡಿ. ಆಶ್ವೀಜದಲ್ಲಿ ಭತ್ತದ ತೆನೆ ಹಾಲುಗಟ್ಟುವ ಹೊತ್ತು. ಬಸುರಿಯಾದ ಭೂಮಿಗೆ ಬಯಕೆಯ ಊಟ ಹೊತ್ತೊಯ್ಯಲು ಬುಟ್ಟಿ ಬೇಕು. ಬುಟ್ಟಿಗೆ ಕೆಮ್ಮಣ್ಣು ಬಳಿದು, ಒಣಗಿಸಿ, ಅಕ್ಕಿ ಅರೆದ ಬಿಳಿಯಲ್ಲಿ ಪುಂಡಿ ನಾರಿನ ಕುಂಚ ಅದ್ದಿ ಕೂದಲೆಳೆಯಂಥ ಗೆರೆ ಎಳೆಯುತ್ತಾರೆ. ಮನೆಗೆಲಸ ಮುಗಿದ ರಾತ್ರಿಗಳಲ್ಲಿ ಇದು ನಡೆಯಬೇಕು. ಇಷ್ಟೆಲ್ಲ ಬರೆದ ಬುಟ್ಟಿಯಲ್ಲಿ ಹಬ್ಬದ ನಸುಕಿಗೆ ಹಚ್ಚಂಬಲಿ ಎಂಬ ಎಡೆ ಹೊತ್ತು ಗದ್ದೆಗೆ ಬೀರಿ ಬರುತ್ತಾರೆ. 1951ರಲ್ಲಿ ಕಾಗೋಡಿನಲ್ಲಿ ಭೂಮಾಲೀಕರ ವಿರುದ್ಧ ಎದ್ದುನಿಂತ ಗೇಣಿದಾರರು ಇದೇ ದೀವರು. ನೆಲ ತಮ್ಮದಲ್ಲದ ಕಾಲದಲ್ಲೂ ಆ ನೆಲದ ಬಯಕೆಗೆಂದು ಬುಟ್ಟಿ ಬರೆದವರ ಕೆಲಸವನ್ನು ಶೋಕಿ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಬಡವರಿಗೆ ಬಿಡುವು ಸಿಗಬೇಕೆಂದು ಹೋರಾಡುವುದು ಸರಿ. ಅವರಿಗೆ ಚೆಂದದ ಹಂಬಲವೇ ಇಲ್ಲವೆಂದುಕೊಳ್ಳುವುದು ಅಹಂಕಾರ.

ಇನ್ನು ನಗರ. ಋತುವಿನ ಗುರುತಿಗೆ ಬೆಂಗಳೂರಿನಲ್ಲಿ ಬರವಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಒಂದರ ಹಿಂದೊಂದು ಹೂಬಿಡುವ ಮರಗಳನ್ನು ಹಾಕಿಸಿದರು; 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಲಕ್ಷಗಟ್ಟಲೆ ಸಸಿ ನೆಡಿಸಿದರು. ಸಂಕ್ರಾಂತಿ ಕಳೆದ ಮೇಲೆ ಟಬೂಬಿಯಾ, ಯುಗಾದಿಯ ಆಸುಪಾಸಿನಲ್ಲಿ ಜಕರಂಡ ಮತ್ತು ಹೊಂಗೆಯ ಎಳೆಚಿಗುರು, ಕಡುಬೇಸಿಗೆಗೆ ಗುಲ್‌ಮೊಹರ್. ನೋಡಲು ಬೇಕಾದಷ್ಟಿದೆ, ಕೈಯಾಡಿಸಲು ನೆಲ ಇಲ್ಲ. ಅಪಾರ್ಟ್‌ಮೆಂಟುಗಳಲ್ಲಿ ಹಸಿರು ಇಲ್ಲವೆಂದಲ್ಲ. ಗುತ್ತಿಗೆಯ ಮಾಲಿ ಕತ್ತರಿಸುವ ಹುಲ್ಲುಹಾಸು ಇದೆ, ಅದರ ಮೇಲೆ ‘ಕಾಲಿಡಬೇಡಿ’ ಫಲಕವೂ ಇದೆ. ಅರಳಿದ ಮೇಲೆಯೇ ನರ್ಸರಿಯಿಂದ ಬರುವ ಸೇವಂತಿಗೆ ಕುಂಡವೂ ಇದೆ, ಕಾಯುವ ಕೆಲಸ ಬೇರೆ ಯಾರೋ ಮುಗಿಸಿಕೊಟ್ಟಿರುತ್ತಾರೆ.

ನಿವಾಸಿಗಳ ಸಂಘದವರಲ್ಲಿ ಒಂದೇ ಕೋರಿಕೆ. ಮುಂದಿನ ಸಭೆಯಲ್ಲಿ ಹಾಸುಗಲ್ಲಿನ ಎಸ್ಟಿಮೇಟ್ ಒಪ್ಪುವ ಮೊದಲು ಒಂದು ಮೂಲೆಯ ಮಣ್ಣನ್ನು ಹಾಗೇ ಬಿಡಿ. ಅಲ್ಲಿಗೆ ಮಾಲಿ ಬೇಡ, ಸ್ಪರ್ಧೆ ಬೇಡ, ಏನು ನೆಡಬೇಕೆಂಬ ಸುತ್ತೋಲೆಯಂತೂ ಖಂಡಿತ ಬೇಡ. ಮಕ್ಕಳೋ ಮುದುಕರೋ ಅಡುಗೆಯವಳೋ, ನೆಡುವ ಆಸೆಯಿದ್ದವರು ತಮಗೆ ಬೇಕಾದ್ದು ನೆಟ್ಟುಕೊಳ್ಳಲಿ.