ಹುಲಿ ಎಣಿಸಿದರೆ ಸಾಕೆ?

ಡೆಹ್ರಾಡೂನಿನಲ್ಲಿ ವನ್ಯಜೀವಿ ಸಂಸ್ಥೆ ಶುರುವಾದದ್ದು 1982ರಲ್ಲಿ. ಬೆಂಗಳೂರಿನಲ್ಲಿ ವನ್ಯಜೀವಿ ವಿಷಯದ ಎಂ.ಎಸ್ಸಿ. ಬಂದದ್ದು 2004ರಲ್ಲಿ. ಪಟ್ಟೆ ನೋಡಿ ಹುಲಿ ಎಣಿಸುವ ಜಾಣರೇನೋ ತಯಾರಾದರು. ಸಂತೋಷ.

ಆದರೆ ಹುಲಿ ದನ ಹಿಡಿದ ಬೆಳಿಗ್ಗೆ, ಸಿಟ್ಟಿಗೆದ್ದ ಊರಿನ ಎದುರು ನಿಲ್ಲಬೇಕಾದವನು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗ. ಬೈಗುಳ ಸಹಿಸುವುದು, ಪರಿಹಾರದ ಅರ್ಜಿ ಅಲ್ಲೇ ಬರೆಸುವುದು, ಹಳೇ ವಾಚರನ ಮಾತು ಕೇಳುವುದು ಅವನಿಗೆ ಎಷ್ಟು ಗೊತ್ತು?

ಬಂಡೀಪುರದ ರಸ್ತೆಗೆ 2009ರಿಂದ ರಾತ್ರಿ ತಡೆ. ಕೆಲವು ಬಸ್ಸು, ತುರ್ತು ವಾಹನಕ್ಕಷ್ಟೇ ದಾರಿ. ಗೇಟು ಹಾಕೋದು ಸುಲಭ ಬಿಡಿ. ಯಾಕೆ ಹಾಕಿದ್ದು ಅಂತ ಲಾರಿಯವನಿಗೆ, ಅಂಗಡಿಯವನಿಗೆ ಒಪ್ಪಿಸೋದೇ ನಾಯಕತ್ವ.

ಹೊಸಬರು ತರಬೇತಿಯಲ್ಲೇ ಒಂದು ತಿಂಗಳು ಕಾಡಂಚಿನ ಊರಲ್ಲಿ ಇದ್ದು ಇದನ್ನು ಕಲಿಯಲಿ. ಊರು ಮುನಿದರೆ ಕಾಡು ಉಳಿದೀತೆ?