ಸಮಾಸದ ಏಕತೆ ಎಲ್ಲಿದೆ? ನಾರ್ವೇಜಿಯನ್ ಕ್ರೀಡಾಪದಗಳ ರಚನೆ ಮತ್ತು ಉಚ್ಚಾರಣೆ

ಕನ್ನಡ ವ್ಯಾಕರಣದ ಬೋಧನೆಯಲ್ಲಿ ಸಮಾಸಪ್ರಕರಣಕ್ಕೆ ಹಿರಿದಾದ ಸ್ಥಾನವಿದೆ. ಆದರೆ ಆ ಬೋಧನೆ ವಿಗ್ರಹವಾಕ್ಯ ಹೇಳಿಸುವುದು, ಸಮಾಸದ ಹೆಸರನ್ನು ಗುರುತಿಸುವುದು ಎಂಬ ಎರಡು ಕೆಲಸಗಳಲ್ಲಿಯೇ ಬಹುಮಟ್ಟಿಗೆ ಮುಗಿದುಹೋಗುತ್ತದೆ. ಎರಡು ಪದಗಳು ಸೇರಿ ‘ಒಂದು’ ಪದವಾಯಿತು ಎನ್ನುವಾಗ ಆ ಒಂದುತನವನ್ನು ಯಾವ ಆಧಾರದಿಂದ ನಿರ್ಣಯಿಸಬೇಕು ಎಂಬ ಮೂಲಭೂತ ಪ್ರಶ್ನೆಯನ್ನು ತರಗತಿಗಳಲ್ಲಿ ಕೇಳುವುದು ವಿರಳ. ಇದು ಕೇವಲ ಶಾಸ್ತ್ರಚರ್ಚೆಯ ಪ್ರಶ್ನೆಯಲ್ಲ. ‘ಕ್ರೀಡಾಕೂಟ’ ಎಂದು ಒಂದೆಡೆ, ‘ಕ್ರೀಡಾ ಕೂಟ’ ಎಂದು ಇನ್ನೊಂದೆಡೆ ಅಚ್ಚಾಗುತ್ತದೆ. ‘ಉದ್ದಜಿಗಿತ’ ಕೂಡ ಹೀಗೆಯೇ ಎರಡು ರೂಪಗಳಲ್ಲಿ ಓಡಾಡುತ್ತದೆ. ನಿಘಂಟುಕಾರನಿಗೆ ಇದು ಒಂದು ನಮೂದೋ ಎರಡೋ ಎಂಬ ತೊಡಕು. ಗಣಕಕ್ಕೆ ಪದಪರೀಕ್ಷಕವನ್ನು ರೂಪಿಸುವವರಿಗೆ ಇದೇ ತೊಡಕು ಸಾವಿರ ಪಟ್ಟು.

ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನು ರೂಢಿಸಿಕೊಂಡಿರುವ ಭಾಷೆಗಳಲ್ಲಿ ನಾರ್ವೇಜಿಯನ್ ಒಂದು. ಅಲ್ಲಿ ಸಮಾಸದ ಏಕತೆಯನ್ನು ಮೊದಲು ನಿಶ್ಚಯಿಸುವುದು ಉಚ್ಚಾರಣೆ. ಬರಹ ಅದನ್ನು ಹಿಂಬಾಲಿಸುತ್ತದೆ. ಹಿಮದ ನಾಡಿನ ನಿತ್ಯಜೀವನದಲ್ಲಿ ಬೆರೆತಿರುವ ಕ್ರೀಡೆಯ ಪದಗಳು ಈ ಸಂಗತಿಯನ್ನು ಚೆನ್ನಾಗಿ ತೋರಿಸಿಕೊಡುತ್ತವೆ. ಕನ್ನಡದ ಸಮಾಸಚರ್ಚೆ ಇದರಿಂದ ಕಲಿಯಬೇಕಾದುದಿದೆ ಎಂಬುದು ಈ ಲೇಖನದ ನಿಲುವು.

1

ನಾರ್ವೆಯಲ್ಲಿ ಬೂಕ್‌ಮೋಲ್ ಮತ್ತು ನ್ಯೂನೊಷ್ಕ್ ಎಂಬ ಎರಡು ಲಿಖಿತ ಪ್ರಮಾಣರೂಪಗಳಿವೆ. ಅಲ್ಲಿನ ಸಂಸತ್ತು 1885ರಲ್ಲಿ ಇವೆರಡರ ಪೂರ್ವರೂಪಗಳಿಗೆ ಸಮಾನ ಮಾನ್ಯತೆ ನೀಡಿತು. ಮಾತಿಗೆ ಮಾತ್ರ ಇಂಥ ಏಕೈಕ ಪ್ರಮಾಣವಿಲ್ಲ. ಪ್ರಾದೇಶಿಕ ಉಪಭಾಷೆಗಳಿಗೆ ಅಲ್ಲಿ ಹೆಚ್ಚಿನ ಗೌರವವಿದೆ. ಇಲ್ಲಿ ಉದಾಹರಿಸಿದ ಪದಗಳು ಬೂಕ್‌ಮೋಲ್ ರೂಪದವು. ಉಚ್ಚಾರಣೆ ಓಸ್ಲೊ ಸುತ್ತಲಿನ ಪೂರ್ವಪ್ರದೇಶದ್ದು. ನಾಲಗೆ ಈಕಾರ, ಏಕಾರಗಳ ಸ್ಥಾನದಲ್ಲಿದ್ದು ತುಟಿ ಮಾತ್ರ ದುಂಡಾಗುವ ಸ್ವರಗಳು ಆ ಭಾಷೆಯಲ್ಲಿವೆ. ಕನ್ನಡ ಲಿಪಿಯಲ್ಲಿ ಅವುಗಳಿಗೆ ಚಿಹ್ನೆಯಿಲ್ಲದ ಕಾರಣ ಹತ್ತಿರದ ಅಕ್ಷರಗಳಿಂದ ಅವನ್ನು ಸೂಚಿಸಲಾಗಿದೆ.

2

ರಚನೆಯ ದೃಷ್ಟಿಯಿಂದ ನಾರ್ವೇಜಿಯನ್ ಸಮಾಸಗಳು ಕನ್ನಡದ ಓದುಗರಿಗೆ ಅಪರಿಚಿತವೆನಿಸುವುದಿಲ್ಲ. ‘ಶೀ’ ಎಂದರೆ ಹಿಮದ ಮೇಲೆ ಜಾರುವ ಪಟ್ಟಿ, ‘ಹೊಪ್’ ಎಂದರೆ ಜಿಗಿತ. ಎರಡೂ ಸೇರಿ ‘ಶೀಹೊಪ್’. ಹಿಮಪಟ್ಟಿಗಳಿಂದ ಜಿಗಿಯುವ ಈ ಪದವನ್ನು ತತ್ಪುರುಷವೆನ್ನಲು ಅಡ್ಡಿಯಿಲ್ಲ. ‘ಲಂಗ್’ ಎಂದರೆ ಉದ್ದ, ‘ರೆನ್’ ಎಂದರೆ ಸ್ಪರ್ಧಾ ಓಟ. ಬಯಲು, ಕಾಡುಗಳಲ್ಲಿ ಬಹುದೂರ ಸಾಗುವ ಸ್ಕೀ ಸ್ಪರ್ಧೆ ‘ಲಂಗ್‌ರೆನ್’, ಅಂದರೆ ಕರ್ಮಧಾರಯ. ಬಹುವ್ರೀಹಿಗೂ ಒಳ್ಳೆಯ ಉದಾಹರಣೆಯಿದೆ. ‘ಬಿರ್ಕೆ’ ಎಂದರೆ ಬರ್ಚ್ ಮರ, ‘ಬೈನ್’ ಎಂದರೆ ಕಾಲು. ಕಾಲಿಗೆ ಬರ್ಚ್ ತೊಗಟೆ ಸುತ್ತಿಕೊಂಡ ಮಧ್ಯಯುಗದ ಬಂಡಾಯಗಾರರ ಪಕ್ಷಕ್ಕೆ ‘ಬಿರ್ಕೆಬೈನೆರ್’ ಎಂಬ ಹೆಸರು ಬಂದಿತು. ಆ ಪಕ್ಷದವರು 1206ರಲ್ಲಿ ಶಿಶುವಾಗಿದ್ದ ರಾಜಕುಮಾರ ಹೋಕೊನ್‌ನನ್ನು ಬೆಟ್ಟ ದಾಟಿಸಿ ಕಾಪಾಡಿದ ಪ್ರಸಂಗದ ನೆನಪಿಗೆ 1932ರಿಂದ ‘ಬಿರ್ಕೆಬೈನೆರ್‌ರೆನ್ನೆ’ ಎಂಬ ಸ್ಕೀ ಸ್ಪರ್ಧೆ ನಡೆಯುತ್ತ ಬಂದಿದೆ. ಶಿಶುವಿನ ಭಾರದ ಸಂಕೇತವಾಗಿ ಸ್ಪರ್ಧಿಗಳು ಕನಿಷ್ಠ 3.5 ಕಿಲೋ ತೂಕದ ಚೀಲವನ್ನು ಬೆನ್ನಿಗೆ ಹೊರುತ್ತಾರೆ. ಕ್ರಿಯಾಪ್ರಕೃತಿ ಪೂರ್ವಪದವಾಗಿ ಬರುವ ಬಗೆಯೂ ಉಂಟು: ‘ಸ್ವೊಮ್ಮೆ’ ಎಂದರೆ ಈಜು, ‘ಹಲ್’ ಎಂದರೆ ಭವನ, ‘ಸ್ವೊಮ್ಮೆಹಲ್’ ಎಂಬುದು ಕನ್ನಡದ ‘ಈಜುಕೊಳ’ದ ಹಾದಿಯಲ್ಲಿಯೇ ರೂಪುಗೊಂಡಿದೆ.

ಪದಗಳು ಕೂಡುವಾಗ ನಡೆಯುವ ಮೂರು ವ್ಯಾಪಾರಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ.

ಮೊದಲನೆಯದು, ವಿಶೇಷಣದ ಲಿಂಗಪ್ರತ್ಯಯ ಲೋಪವಾಗುವುದು. ‘ರೆನ್’ ನಪುಂಸಕಲಿಂಗದ ಪದವಾದುದರಿಂದ ‘ಒಂದು ಉದ್ದವಾದ ಓಟ’ ಎನ್ನಬೇಕಾದಾಗ ವಿಶೇಷಣಕ್ಕೆ ‘ತ್’ ಸೇರಿ ‘ಎತ್ ಲಂಗ್ತ್ ರೆನ್’ ಎಂದಾಗುತ್ತದೆ. ಸಮಾಸದಲ್ಲಿ ಆ ‘ತ್’ ಇಲ್ಲ. ಫುಟ್‌ಬಾಲ್ ಆಟದ ‘ಫ್ರೀ ಕಿಕ್’ಗೆ ‘ಫ್ರೀಸ್ಪರ್ಕ್’ ಎಂದು ಹೆಸರು. ಬಿಡಿಯಾಗಿ ಹೇಳಿದರೆ ‘ಫ್ರಿತ್ ಸ್ಪರ್ಕ್’ ಆಗಬೇಕಿತ್ತು. ಪ್ರತ್ಯಯವನ್ನು ಕಳೆದುಕೊಂಡ ವಿಶೇಷಣ ಉತ್ತರಪದವನ್ನು ಬಣ್ಣಿಸುವ ಕೆಲಸವನ್ನು ಬಿಟ್ಟು ಒಂದು ಹೆಸರಿನ ಭಾಗವಾಗಿಬಿಡುತ್ತದೆ. ಆದ್ದರಿಂದಲೇ ‘ಲಂಗ್‌ರೆನ್’ನಲ್ಲಿ ಅತಿ ಕಡಿಮೆ ದೂರದ ಸ್ಪ್ರಿಂಟ್ ಸ್ಪರ್ಧೆಯೂ ಇರುವುದು ವಿರೋಧಾಭಾಸವೆನಿಸುವುದಿಲ್ಲ. ಕನ್ನಡದ ‘ಹಿರಿದು’ ಎಂಬುದು ‘ಹೆಮ್ಮರ’, ‘ಹೆಜ್ಜೇನು’ಗಳಲ್ಲಿ ಕುಗ್ಗಿ ನಿಲ್ಲುವುದನ್ನು ಇದರೊಡನೆ ಹೋಲಿಸಬಹುದು.

ಎರಡನೆಯದು, ನಡುವೆ ಬರುವ ‘ಸ್’ ಎಂಬ ಆಗಮ. ‘ಲಾಗ್’ ಎಂದರೆ ತಂಡ. ತಂಡದ ಮುಖಂಡ ‘ಲಾಗ್‌ಲೇದೆರ್’. ಇಲ್ಲಿ ‘ಲಾಗ್’ನ ಮುಂದೆ ಏನೂ ಸೇರಿಲ್ಲ. ಆದರೆ ‘ಲನ್ಸ್‌ಲಾಗ್’, ಅಂದರೆ ರಾಷ್ಟ್ರೀಯ ತಂಡ, ಎಂಬುದು ಮೊದಲೇ ಸಮಾಸವಾಗಿರುವುದರಿಂದ ಅದರ ತರಬೇತುದಾರ ‘ಲನ್ಸ್‌ಲಾಗ್‌ಸ್‌ತ್ರೇನೆರ್’ ಆಗುತ್ತಾನೆ. ಅದೇ ‘ಲಾಗ್’ ಈಗ ‘ಸ್’ ಪಡೆಯಿತು. ಹಾಗೆಯೇ ಸ್ಪರ್ಧೆಯ ಮುಖ್ಯಸ್ಥ ‘ರೆನ್‌ಲೇದೆರ್’. ಆದರೆ ಲಂಗ್‌ರೆನ್‌ನ ಸ್ಪರ್ಧಿ ‘ಲಂಗ್‌ರೆನ್ಸ್‌ಲೋಪೆರ್’. ಮೂರು ಪದಗಳು ಕೂಡಿದಾಗ ಮೊದಲ ಎರಡು ಮೊದಲು ಕೂಡಿದವು ಎಂಬುದನ್ನು ಈ ‘ಸ್’ ಅನೇಕ ವೇಳೆ ಸೂಚಿಸುತ್ತದೆ. ಷಷ್ಠಿಯ ಅವಶೇಷವೆಂದಷ್ಟೇ ಇದನ್ನು ವಿವರಿಸಿದರೆ ಈ ರಚನಾಸೂಚಕ ಕೆಲಸ ಕಣ್ಣಿಗೆ ಬೀಳುವುದಿಲ್ಲ.

ಮೂರನೆಯದು ಬರಹಕ್ಕೆ ಸಂಬಂಧಿಸಿದ್ದು. ‘ಫೂತ್‌ಬಲ್’ ಮತ್ತು ‘ಲಾಗ್’ ಕೂಡಿದಾಗ ಮೂರು ಲಕಾರಗಳು ಒಟ್ಟಾಗಬೇಕು. ಕಾಗುಣಿತದ ನಿಯಮ ಅವನ್ನು ಎರಡಕ್ಕೆ ಇಳಿಸುತ್ತದೆ. ಸಾಲಿನ ಕೊನೆಯಲ್ಲಿ ಪದವನ್ನು ಒಡೆಯಬೇಕಾಗಿ ಬಂದರೆ ಲೋಪವಾದ ಲಕಾರ ಮರಳಿ ಬರುತ್ತದೆ. ಬರಹ ಒಂದೇ ಪದವೆಂದು ಒಪ್ಪಿಕೊಂಡರೂ ಒಳಗಿನ ಸೀಮೆಯನ್ನು ಮರೆತಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

3

ಉಚ್ಚಾರಣೆಯ ವಿಚಾರಕ್ಕೆ ಬಂದರೆ ವಿಷಯ ಇನ್ನೂ ಸ್ವಾರಸ್ಯಕರವಾಗುತ್ತದೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ‘ಫುಟ್‌ಬಾಲ್’ನಲ್ಲಿ ಮೊದಲ ಸ್ವರ ಹ್ರಸ್ವ, ಎರಡನೆಯದು ದೀರ್ಘ. ನಾರ್ವೇಜಿಯನ್‌ನಲ್ಲಿ ಕಾಲು ‘ಫೂತ್’, ಚೆಂಡು ‘ಬಲ್’. ಹೀಗಾಗಿ ಪ್ರಮಾಣ ಉಚ್ಚಾರಣೆಯ ‘ಫೂತ್‌ಬಲ್’ನಲ್ಲಿ ಕ್ರಮ ತಿರುವುಮುರುವು. ಒತ್ತು ಬಿದ್ದ ಅಕ್ಷರದಲ್ಲಿ ಒಂದೋ ಸ್ವರ ದೀರ್ಘವಾಗಿರಬೇಕು, ಇಲ್ಲವೇ ಅದರ ಮುಂದಿನ ವ್ಯಂಜನ ದೀರ್ಘವಾಗಿರಬೇಕು ಎಂಬ ನಿಯಮದ ಫಲವಿದು.

ಇದಕ್ಕಿಂತ ಮುಖ್ಯವಾದುದು ಆ ಭಾಷೆಯ ಮೂರ್ಧನ್ಯಗಳು. ನಾರ್ವೇಜಿಯನ್ ತಕಾರ ಸಾಮಾನ್ಯವಾಗಿ ದಂತ್ಯ ಅಥವಾ ವರ್ತ್ಸ್ಯ. ಆದರೆ ಪೂರ್ವಪ್ರದೇಶದ ಮಾತಿನಲ್ಲಿ ರೇಫೆಯ ಮುಂದೆ ತ, ನ, ಸಗಳು ಬಂದರೆ ಎರಡೂ ಬೆರೆತು ಟ, ಣ, ಷಗಳಾಗುತ್ತವೆ. ‘ಸ್ಪೋರ್ಟ್’ ಎಂಬುದು ಓಸ್ಲೊದಲ್ಲಿ ‘ಸ್ಪೊಟ್’. ಚಳಿಗಾಲದ ಕ್ರೀಡೆಯೆಂಬ ಅರ್ಥದ ಸಮಾಸ ‘ವಿನ್ತೆಷ್ಪೊಟ್’. ಮೂಲೆಯೊದೆತವೆಂಬ ಅರ್ಥದಲ್ಲಿ ‘ಕಾರ್ನರ್ ಕಿಕ್’ಗೆ ಬಳಕೆಯಾಗುವ ಪದ ‘ಯೋಣೆಸ್ಪರ್ಕ್’. ರೋಮನ್ ಲಿಪಿ ರೇಫೆಯನ್ನು ಉಳಿಸಿಕೊಂಡು ಮರೆಮಾಡುವ ಈ ಭೇದವನ್ನು ಕನ್ನಡ ಲಿಪಿ ನೇರವಾಗಿ ತೋರಿಸಬಲ್ಲದು. ಬೆರ್ಗೆನ್ ಮೊದಲಾದ ಪಶ್ಚಿಮದ ಊರುಗಳಲ್ಲಿ ರೇಫೆಯನ್ನು ಕಿರುನಾಲಗೆಯ ಬಳಿ ಉಚ್ಚರಿಸುವುದರಿಂದ ಈ ಮೂರ್ಧನ್ಯೀಕರಣವಿಲ್ಲ.

ಆದರೆ ‘ವಿನ್ತೆಷ್ಪೊಟ್’ನಲ್ಲಿ ಕಾಣುವ ಷಕಾರ ಸಮಾಸತ್ವದ ಸಾಕ್ಷಿಯಲ್ಲ. ವಾಕ್ಯದಲ್ಲಿ ಒಂದು ಪದ ರೇಫೆಯಿಂದ ಮುಗಿದು ಮುಂದಿನದು ಸಕಾರದಿಂದ ತೊಡಗಿದರೂ ಪೂರ್ವಪ್ರದೇಶದವರ ಬಾಯಲ್ಲಿ ಷಕಾರವೇ ಬರುತ್ತದೆ. ಸಂಧಿ ಆಗುವ ಎಡೆಗಳಲ್ಲೆಲ್ಲ ಸಮಾಸವಿಲ್ಲ.

ಸಮಾಸತ್ವದ ನಿಜವಾದ ಸಾಕ್ಷಿ ಒತ್ತು ಮತ್ತು ಸ್ವರಭಾರ. ನಾರ್ವೇಜಿಯನ್‌ನಲ್ಲಿ ಪದಕ್ಕೆ ಎರಡು ಬಗೆಯ ಸ್ವರಭಾರಗಳಿವೆ. ಪೂರ್ವಪ್ರದೇಶದಲ್ಲಿ ಮೊದಲನೆಯದು ಕೆಳದನಿಯಿಂದ ತೊಡಗಿ ಏರುತ್ತದೆ. ಎರಡನೆಯದು ಮೇಲಿನಿಂದ ಇಳಿದು ಮತ್ತೆ ಏರುತ್ತದೆ. ‘ಬೊನ್ನೆರ್’ ಎಂಬುದನ್ನು ಮೊದಲ ಬಗೆಯಲ್ಲಿ ನುಡಿದರೆ ರೈತರು, ಎರಡನೆಯ ಬಗೆಯಲ್ಲಿ ನುಡಿದರೆ ಅವರೆಯಂಥ ಕಾಳುಗಳು. ಬಿಡಿ ಪದಗಳಿಗೆ ತಂತಮ್ಮ ಸ್ವರಭಾರವಿರುತ್ತದೆ. ಸಮಾಸವಾದೊಡನೆ ಇಡೀ ಪದಕ್ಕೆ ಒಂದೇ ಸ್ವರಭಾರ. ಪ್ರಧಾನ ಒತ್ತು ಸಾಮಾನ್ಯವಾಗಿ ಪೂರ್ವಪದಕ್ಕೆ ಸಲ್ಲುತ್ತದೆ, ಉತ್ತರಪದಕ್ಕೆ ಗೌಣ ಒತ್ತು ಮಾತ್ರ ಉಳಿಯುತ್ತದೆ. ವ್ಯಾಕರಣದ ದೃಷ್ಟಿಯಿಂದ ಪ್ರಧಾನವಾದುದು ಉತ್ತರಪದ, ಲಿಂಗ ವಚನಗಳು ಅದರವೇ. ಧ್ವನಿಯ ದೃಷ್ಟಿಯಿಂದ ಪ್ರಧಾನವಾದುದು ಪೂರ್ವಪದ. ಗೆರ್ಟ್ ಕ್ರಿಸ್ಟೊಫರ್ಸೆನ್ 2000ದಲ್ಲಿ ಪ್ರಕಟಿಸಿದ ನಾರ್ವೇಜಿಯನ್ ಧ್ವನಿವ್ಯವಸ್ಥೆಯ ವಿಸ್ತೃತ ಅಧ್ಯಯನದಲ್ಲಿ ಸಮಾಸಗಳ ಸ್ವರಭಾರವೂ ಚರ್ಚೆಗೆ ಬಂದಿರುವುದು ಸಹಜವಾಗಿದೆ.

4

ಈ ಧ್ವನಿನಿಯಮವನ್ನು ಬರಹ ಪಾಲಿಸದಿದ್ದಾಗ ಏನಾಗುತ್ತದೆ ಎಂಬುದಕ್ಕೂ ಕ್ರೀಡಾಪದಗಳೇ ನಿದರ್ಶನ. ‘ಎನ್ ಶೀಲೋಪೆರ್’ ಎಂದರೆ ಒಬ್ಬ ಸ್ಕೀ ಕ್ರೀಡಾಪಟು. ‘ಲೋಪೆರ್’ ಎಂಬ ರೂಪಕ್ಕೆ ‘ಓಡುವವನು’ ಎಂಬಂತೆ ‘ಓಡುತ್ತದೆ’ ಎಂಬ ಅರ್ಥವೂ ಇರುವುದರಿಂದ ಅದನ್ನು ಬಿಡಿಸಿ ‘ಎನ್ ಶೀ ಲೋಪೆರ್’ ಎಂದು ಬರೆದರೆ ‘ಒಂದು ಹಿಮಪಟ್ಟಿ ಓಡುತ್ತದೆ’ ಎಂದಾಗುತ್ತದೆ. ಕಿವಿಗೆ ಈ ಎರಡರಲ್ಲಿ ಗೊಂದಲವಿಲ್ಲ, ಒತ್ತು ಬೇರೆ. ಗೊಂದಲ ಕಣ್ಣಿಗೆ ಮಾತ್ರ. ಹೀಗೆ ಸಮಾಸವನ್ನು ತುಂಡರಿಸಿ ಬರೆಯುವ ರೂಢಿ ನಾರ್ವೆಯ ಶಾಲೆ, ಪತ್ರಿಕೆಗಳಲ್ಲಿ ಬಹುಕಾಲದಿಂದ ಟೀಕೆಗೆ ಗುರಿಯಾಗಿದೆ. ಇದಕ್ಕೆ ಇಂಗ್ಲಿಷಿನ ಪ್ರಭಾವವನ್ನು ಕಾರಣವೆಂದು ಹೇಳುವವರು ಹಲವರು. ಇಂಗ್ಲಿಷಿನ ‘ಸ್ಕೀ ಜಂಪ್’ ಕೂಡ ರಚನೆಯಲ್ಲಿ ‘ಶೀಹೊಪ್’ನಂತೆ ಸಮಾಸವೇ, ಬರಹದಲ್ಲಿ ಮಾತ್ರ ನಡುವೆ ತೆರಪಿದೆ. ತೆರಪು ಇದ್ದರೆ ಸಮಾಸವಿಲ್ಲ ಎಂಬ ತೀರ್ಮಾನ ಎಷ್ಟು ದುರ್ಬಲವೆಂಬುದು ಇದರಿಂದ ಸ್ಪಷ್ಟ.

ಪದಗಳ ಕುಲವನ್ನು ನೋಡಿ ಸಮಾಸವನ್ನು ತಡೆಯುವ ಪ್ರವೃತ್ತಿಯೂ ಅಲ್ಲಿಲ್ಲ. ಬೆಟ್ಟಗಾಡಿನ ಸೈಕಲ್‌ಗೆ ‘ತೆರೆಂಗ್‌ಸ್ಯುಕ್ಕೆಲ್’ ಎಂಬ ಹೆಸರು. ಇದರ ಪೂರ್ವಪದ ಫ್ರೆಂಚ್ ಮೂಲದ್ದು, ಉತ್ತರಪದ ಇಂಗ್ಲಿಷ್ ಮೂಲದ್ದು. ಎರಡೂ ಒಂದೇ ಸ್ವರಭಾರದಡಿ ಬಂದ ಮೇಲೆ ಪದ ದೇಶ್ಯವೇ. ಇದಕ್ಕೆ ವಿಲೋಮವಾದ ಸಂಗತಿಯೂ ಉಂಟು. ಟೆಲೆಮಾರ್ಕ್ ಪ್ರದೇಶದ ಮಾತಿನಲ್ಲಿ ಇಳಿಜಾರನ್ನು ಸೂಚಿಸುವ ‘ಸ್ಲಾ’, ಜಾಡನ್ನು ಸೂಚಿಸುವ ‘ಲೋಮ್’ ಎಂಬೆರಡು ಪದಗಳಿಂದಾದ ಸಮಾಸ ‘ಸ್ಲಾಲಮ್’ ಆಗಿ ಜಗತ್ತಿಗೆಲ್ಲ ಹರಡಿತು. ಹೊರಗಿನವರ ಬಾಯಲ್ಲಿ ಅದು ಒಡೆಯಲಾಗದ ಬಿಡಿಪದವಾಯಿತು.

5

ಕನ್ನಡದಲ್ಲಿ ಅರ್ಥಭೇದಕವಾದ ಪದಸ್ವರಭಾರವಿಲ್ಲ. ಆದ್ದರಿಂದ ನಾರ್ವೇಜಿಯನ್‌ನ ಉತ್ತರವನ್ನು ಹಾಗೆಯೇ ಎರವಲು ತರುವುದು ಸಾಧ್ಯವಿಲ್ಲ, ತರಬೇಕಾಗಿಯೂ ಇಲ್ಲ. ತರಬೇಕಾದುದು ಆ ಪ್ರಶ್ನೆಯನ್ನು. ಉತ್ತರಪದದ ಮೊದಲ ಕ, ತ, ಪಗಳು ಗ, ದ, ಬಗಳಾಗುವುದನ್ನು ಕೇಶಿರಾಜನ ಪರಂಪರೆ ಗುರುತಿಸಿದೆ. ‘ಮಳೆಗಾಲ’, ‘ಬೆಟ್ಟದಾವರೆ’ಗಳಲ್ಲಿ ಇದು ಸಮಾಸದ ಧ್ವನಿಮುದ್ರೆಯೇ ಸರಿ. ಆದರೆ ‘ಈಜುಕೊಳ’ ‘ಈಜುಗೊಳ’ವಾಗಲಿಲ್ಲ. ಹೊಸ ಸೃಷ್ಟಿಗಳಲ್ಲಿ ಆ ಮುದ್ರೆ ಮಾಸಿದೆ ಎಂದ ಮೇಲೆ ಅದರ ಸ್ಥಾನದಲ್ಲಿ ಯಾವುದು ನಿಂತಿದೆ ಎಂಬುದು ಸಂಶೋಧನೆಗೆ ಯೋಗ್ಯವಾದ ವಿಷಯ. ‘ವಿಶ್ವಕಪ್’ ಎಂಬ ಸಂಸ್ಕೃತ–ಇಂಗ್ಲಿಷ್ ಜೋಡಣೆಯನ್ನು ಅರಿಸಮಾಸದ ಜಾಡಿನಲ್ಲಿ ದೋಷವೆಂದು ಕರೆದು ಸುಮ್ಮನಾಗುವುದಕ್ಕಿಂತ, ಕನ್ನಡಿಗರ ಬಾಯಲ್ಲಿ ಅದು ಒಂದೇ ಪದವಾಗಿ ನಿಂತದ್ದು ಹೇಗೆ ಎಂದು ವಿಚಾರಿಸುವುದು ಫಲಕಾರಿ. ಕನ್ನಡದ ವ್ಯಾಕರಣವನ್ನು ಸಂಸ್ಕೃತದ ಎರಕದಲ್ಲಿ ಹೊಯ್ಯುವ ಪದ್ಧತಿಯನ್ನು ಡಿ. ಎನ್. ಶಂಕರ ಭಟ್ಟರು 2000ದಲ್ಲಿ ಪ್ರಕಟವಾದ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ದಲ್ಲಿ ಪ್ರಶ್ನಿಸಿದ್ದರು. ಸಮಾಸದ ಮಟ್ಟಿಗೆ ಆ ಪ್ರಶ್ನೆಯನ್ನು ಧ್ವನಿಯ ನೆಲೆಯಲ್ಲಿ ಮುಂದುವರಿಸಬೇಕಾಗಿದೆ.

ಅದಕ್ಕೆ ಬೇಕಾದ ಪರೀಕ್ಷೆಗಳು ಕಷ್ಟದವಲ್ಲ. ಎರಡು ಪದಗಳ ನಡುವೆ ಇನ್ನೊಂದು ಪದ ಸೇರಬಲ್ಲುದೇ, ಮಾತಿನ ಓಟದಲ್ಲಿ ನಡುವೆ ನಿಲುಗಡೆ ಬರುತ್ತದೆಯೇ, ಪೂರ್ವಪದ ತನ್ನ ಪ್ರತ್ಯಯವನ್ನು ಬಿಟ್ಟುಕೊಟ್ಟಿದೆಯೇ ಎಂದು ಕೇಳಬಹುದು. ಉದ್ದಜಿಗಿತದ ಸ್ಪರ್ಧೆಯಲ್ಲಿ ಒಬ್ಬನ ಜಿಗಿತ ಗಿಡ್ಡವೂ ಆಗಬಹುದೆಂಬುದು ‘ಉದ್ದಜಿಗಿತ’ ಒಂದೇ ಪದವೆನ್ನಲು ಸಾಕಾದ ಆಧಾರ. ಇಂಥ ಪದಗಳನ್ನು ಬೇರೆಬೇರೆ ಪ್ರದೇಶದ ಕನ್ನಡಿಗರಿಂದ ಹೇಳಿಸಿ, ಧ್ವನಿಮುದ್ರಿಸಿ, ಕಾಲಮಾನ ಮತ್ತು ದನಿಯ ಏರಿಳಿತಗಳನ್ನು ಅಳೆಯುವ ಕೆಲಸವನ್ನು ಕನ್ನಡ ವಿಭಾಗಗಳೇ ಕೈಗೊಳ್ಳಬೇಕು. ಅಲ್ಲಿಯವರೆಗೆ ‘ಕ್ರೀಡಾಕೂಟ’ವನ್ನು ಕೂಡಿಸಿ ಬರೆಯಬೇಕೋ ಬಿಡಿಸಿ ಬರೆಯಬೇಕೋ ಎಂಬುದನ್ನು ಅಚ್ಚುಮನೆಯ ಅಭ್ಯಾಸ ನಿರ್ಧರಿಸುತ್ತಿರುತ್ತದೆ, ವ್ಯಾಕರಣವಲ್ಲ.