ಹೂಜಿ ಗಿಡದ ಕುಲ

ಹಿಂದಿನವರು ಹೇಳಿದ ಮಾತನ್ನು ತಿದ್ದುವುದು ಅವರಿಗೆ ತೋರುವ ಅಗೌರವವೆಂದು ಭಾವಿಸುವವರುಂಟು. ಶಾಸ್ತ್ರಗ್ರಂಥಗಳಲ್ಲಿ ಒಂದು ಗಿಡದ ಹೆಸರೋ ಕುಟುಂಬವೋ ಬದಲಾದಾಗ, ‘ಇಂದು ಒಂದು ಹೇಳುತ್ತಾರೆ, ನಾಳೆ ಇನ್ನೊಂದು ಹೇಳುತ್ತಾರೆ, ಇಂಥವರನ್ನು ನಂಬುವುದು ಹೇಗೆ?’ ಎಂದು ಕೇಳುವವರೂ ಉಂಟು. ಈ ಆಕ್ಷೇಪಕ್ಕೆ ಹೂಜಿ ಗಿಡದ ಚರಿತ್ರೆಯೇ ತಕ್ಕ ಉತ್ತರವನ್ನು ಕೊಡುತ್ತದೆ.

ಹೂಜಿ ಗಿಡವು ಉಷ್ಣವಲಯದ ಬಳ್ಳಿ. ಬೋರ್ನಿಯೊ, ಸುಮಾತ್ರ, ಫಿಲಿಪೀನ್ಸ್ ಮೊದಲಾದ ದ್ವೀಪಗಳು ಅದರ ಮುಖ್ಯ ನೆಲೆ. ಸಾರವಿಲ್ಲದ ಮಣ್ಣಿನಲ್ಲಿ ಬೆಳೆಯುವ ಈ ಗಿಡಕ್ಕೆ ಸಾರಜನಕದ ಕೊರತೆ ಸದಾ ಇರುತ್ತದೆ. ಅದನ್ನು ತುಂಬಿಕೊಳ್ಳಲು ಎಲೆಯ ತುದಿಯಿಂದ ಚಾಚಿದ ಕುಡಿಯು ಹೂಜಿಯಾಗಿ ಊದಿಕೊಳ್ಳುತ್ತದೆ. ಸಿಹಿರಸಕ್ಕೆ ಮನಸೋತು ಬಂದ ಕೀಟವು ನುಣುಪಾದ ಅಂಚಿನಿಂದ ಜಾರಿ, ಒಳಗಿನ ದ್ರವದಲ್ಲಿ ಮುಳುಗಿ, ಜೀರ್ಣವಾಗಿ ಹೋಗುತ್ತದೆ.

ಇಂತಹ ಗಿಡವನ್ನು ಮೊದಲು ಕಂಡವರು ತಬ್ಬಿಬ್ಬಾದುದು ಸಹಜ. ಮಡಗಾಸ್ಕರ್ ದ್ವೀಪದ ಫ್ರೆಂಚ್ ಅಧಿಕಾರಿ ಫ್ಲಾಕೂರ್ 1658ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ವರ್ಣನೆಯಿದೆ. ಆತನು ಹೂಜಿಯನ್ನು ಎಲೆಯ ಭಾಗವೆಂದು ತಿಳಿಯಲಿಲ್ಲ. ಹೂವೋ ಕಾಯೋ ಇರಬೇಕೆಂದು ಎಣಿಸಿದನು. ಸ್ವೀಡನ್ನಿನ ಲಿನೇಯಸ್ ಇದಕ್ಕೆ ‘ನೆಪೆಂಥಿಸ್’ ಎಂದು ಹೆಸರಿಟ್ಟನು. ಗ್ರೀಕ್ ಮಹಾಕವಿ ಹೋಮರನ ಕಾವ್ಯದಲ್ಲಿ ದುಃಖವನ್ನು ಮರೆಯಿಸುವ ಔಷಧಿಯೊಂದರ ಹೆಸರು ಅದು. ದೂರದ ದಾರಿಯನ್ನು ಸವೆಸಿ ಬಂದ ಸಸ್ಯಶಾಸ್ತ್ರಜ್ಞನು ಈ ಸೋಜಿಗವನ್ನು ಕಂಡೊಡನೆ ಪಟ್ಟ ಕಷ್ಟವನ್ನೆಲ್ಲ ಮರೆಯುವನೆಂಬುದು ಲಿನೇಯಸನ ಭಾವನೆ. 1753ರಲ್ಲಿ ಅವನು ತನ್ನ ಹೆಸರಾಂತ ಸಸ್ಯಗ್ರಂಥದಲ್ಲಿ ಸಿಂಹಳದ್ವೀಪದ ಹೂಜಿ ಗಿಡವನ್ನು ಸೇರಿಸಿದನು. 1790ರಲ್ಲಿ ಪೋರ್ಚುಗಲ್ಲಿನ ಪಾದ್ರಿ ಲೂರೇರೊ ಇದೇ ಜಾತಿಯ ಇನ್ನೊಂದು ಗಿಡವನ್ನು ಬೇರೆ ಜಾತಿಯೆಂದು ಬಗೆದು ಹೊಸ ಹೆಸರಿಟ್ಟನು. ಅದರ ಮುಚ್ಚಳವು ತಾನಾಗಿ ತೆರೆದು ಮುಚ್ಚುತ್ತದೆಂದೂ ಬರೆದನು. ಮುಚ್ಚಳವು ಒಮ್ಮೆ ತೆರೆದರೆ ಮತ್ತೆ ಮುಚ್ಚುವುದಿಲ್ಲ. ಮುಂದಿನವರು ಆ ತಪ್ಪನ್ನು ಬಿಟ್ಟರು, ಗಿಡವನ್ನು ನೆಪೆಂಥಿಸ್ ಜಾತಿಗೆ ಸೇರಿಸಿದರು. ಆದರೆ ‘ಅದ್ಭುತವಾದುದು’ ಎಂಬರ್ಥದ, ಲೂರೇರೊ ಇಟ್ಟ ವಿಶೇಷಣವನ್ನು ಹಾಗೆಯೇ ಉಳಿಸಿಕೊಂಡರು. ತಿದ್ದಿದವರು ಹಿರಿಯನನ್ನು ಅವಮಾನಿಸಲಿಲ್ಲ.

1873ರಲ್ಲಿ ಇಂಗ್ಲೆಂಡಿನ ಜೋಸೆಫ್ ಹೂಕರ್ ಅಲ್ಲಿಯವರೆಗೆ ತಿಳಿದಿದ್ದ ಪ್ರಭೇದಗಳನ್ನೆಲ್ಲ ಒಂದೆಡೆ ವಿವರಿಸಿದನು. ಮರುವರ್ಷ ಹೂಜಿಯೊಳಗೆ ಮಾಂಸ, ಮೊಟ್ಟೆಯ ಬಿಳಿಭಾಗ ಮೊದಲಾದವನ್ನು ಇಟ್ಟು ಮಾಡಿದ ಪರೀಕ್ಷೆಗಳನ್ನು ವಿದ್ವಾಂಸರ ಮುಂದಿಟ್ಟು, ಗಿಡವು ಆಹಾರವನ್ನು ಜೀರ್ಣಿಸಿಕೊಳ್ಳುವುದೆಂದು ವಾದಿಸಿದನು. 1928ರಲ್ಲಿ ಡಚ್ ವಿದ್ವಾಂಸ ಡಾನ್ಸರ್ 65 ಪ್ರಭೇದಗಳನ್ನು ಅಂಗೀಕರಿಸಿದನು. ಈ ಕೆಲಸ ಸುಲಭವಾದುದಲ್ಲ. ಒಂದೇ ಬಳ್ಳಿಯ ಬುಡದಲ್ಲಿ ದುಂಡನೆಯ ಹೂಜಿಗಳೂ ಮೇಲೆ ನೀಳವಾದ ಹೂಜಿಗಳೂ ಬಿಡುತ್ತವೆ. ಕಾಡನ್ನು ಕಾಣದೆ, ಒಣಗಿಸಿ ಕಾಗದಕ್ಕೆ ಅಂಟಿಸಿದ ತುಂಡುಗಳನ್ನಷ್ಟೇ ನೋಡುವವನಿಗೆ ಒಂದು ಎರಡಾಗಿ ಕಂಡೀತು, ಎರಡು ಒಂದಾಗಿ ಕಂಡೀತು. ಫಿಲಿಪೀನ್ಸಿನ ಒಂದು ಪ್ರಭೇದದೊಡನೆ ಡಾನ್ಸರ್ ಸೇರಿಸಿದ್ದ ಸುಮಾತ್ರದ ಗಿಡವನ್ನು ಆ ಶತಮಾನದ ಕೊನೆಗೆ ವಿದ್ವಾಂಸರು ಮತ್ತೆ ಬೇರ್ಪಡಿಸಿದರು. ಇಂದು ಅಂಗೀಕೃತವಾಗಿರುವ ಪ್ರಭೇದಗಳು 160ಕ್ಕೂ ಹೆಚ್ಚು.

ಎಲ್ಲಕ್ಕಿಂತ ದೊಡ್ಡ ತಿದ್ದುಪಡಿ ಕುಲದ ವಿಷಯದಲ್ಲಿ ನಡೆಯಿತು. ಅಮೆರಿಕ ಖಂಡದಲ್ಲಿಯೂ ಹೂಜಿಯಂತಹ ಎಲೆಗಳುಳ್ಳ ಸರಸೀನಿಯ ಎಂಬ ಗಿಡಗಳಿವೆ. ಅವೂ ಕೀಟಗಳನ್ನು ತಿನ್ನುತ್ತವೆ. ರೂಪವೂ ವೃತ್ತಿಯೂ ಒಂದೇ ಆದುದರಿಂದ ಇವು ದಾಯಾದಿಗಳೇ ಇರಬೇಕೆಂದು ಬಹುಕಾಲ ನಂಬಲಾಗಿತ್ತು. 1981ರಲ್ಲಿ ಕ್ರಾಂಕ್ವಿಸ್ಟ್ ರಚಿಸಿದ ಪ್ರಸಿದ್ಧ ವರ್ಗೀಕರಣದಲ್ಲಿಯೂ ಎರಡೂ ಒಂದೇ ಗಣದಲ್ಲಿದ್ದವು. 1992ರಲ್ಲಿ ಆನುವಂಶಿಕ ದ್ರವ್ಯವನ್ನು ಹೋಲಿಸಿ ನೋಡಿದಾಗ ಈ ನಂಬಿಕೆ ಕುಸಿಯಿತು. ಸರಸೀನಿಯವು ಚಹಾ ಗಿಡವಿರುವ ಗಣಕ್ಕೆ ಸೇರಿದುದು. ನೆಪೆಂಥಿಸ್ ಸೇರಿರುವುದು ನಮ್ಮ ಅಡುಗೆಮನೆಯ ದಂಟಿನ ಸೊಪ್ಪಿನ ಗಣಕ್ಕೆ! ಅದರ ಹತ್ತಿರದ ನಂಟರಲ್ಲಿ ಒಂದಾದ ಆನ್ಸಿಸ್ಟ್ರೊಕ್ಲಾಡಸ್ ಎಂಬ ಬಳ್ಳಿ ಪಶ್ಚಿಮಘಟ್ಟದ ಕಾಡುಗಳಲ್ಲಿದೆ. ಅದಕ್ಕೆ ಹೂಜಿಯೂ ಇಲ್ಲ, ಕೀಟಭಕ್ಷಣೆಯೂ ಇಲ್ಲ. ಒಂದೇ ಬಗೆಯ ಬಡತನವನ್ನು ಎದುರಿಸಿದ ಎರಡು ಬೇರೆ ಮನೆತನಗಳು ಒಂದೇ ಬಗೆಯ ಉಪಾಯವನ್ನು ಕಂಡುಕೊಂಡವು. ಒಂದೇ ಮನೆತನದವು ಗುರುತು ಸಿಗದಷ್ಟು ಬೇರೆಯಾದವು. ಹೊರರೂಪವನ್ನು ನೋಡಿ ಕುಲವನ್ನು ನಿರ್ಣಯಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹೆಸರು ಯಾವುದಾದರೇನು, ಗಿಡವು ಗಿಡವೇ ಅಲ್ಲವೇ ಎಂದು ಕೆಲವರು ಕೇಳಬಹುದು. ಭಾರತದಲ್ಲಿ ಕಾಡಿನಲ್ಲಿ ಬೆಳೆಯುವ ಹೂಜಿ ಗಿಡ ಒಂದೇ. ಅದು ಮೇಘಾಲಯದ ಖಾಸಿಯಾನ. ಗಾರೋ ಜನರು ಅದನ್ನು ‘ಮೆಮಾಂಗ್ ಕೋಕ್ಸಿ’, ಎಂದರೆ ದೆವ್ವದ ಬುಟ್ಟಿ, ಎಂದು ಕರೆಯುತ್ತಾರೆ. ಗಣಿಗಾರಿಕೆಯಿಂದಲೂ ಕಾಡಿನ ನಾಶದಿಂದಲೂ ಗಿಡ ಕೀಳುವವರ ದುರಾಸೆಯಿಂದಲೂ ಅದು ಅಳಿವಿನ ಅಂಚಿಗೆ ಬಂದಿದೆ. ಅದು ಬೇರೆಲ್ಲಿಯೂ ಇಲ್ಲದ ಪ್ರತ್ಯೇಕ ಪ್ರಭೇದವೆಂದು ಸ್ಥಿರಪಟ್ಟುದರಿಂದಲೇ ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ಕಟ್ಟುನಿಟ್ಟಾದ ನಿರ್ಬಂಧ ಬಂದಿತು; ಬಾಘ್ಮಾರದಲ್ಲಿ ಅದಕ್ಕಾಗಿಯೇ ಪುಟ್ಟ ರಕ್ಷಿತಧಾಮವೂ ಉಂಟಾಯಿತು. ಮಲೇಷಿಯದಲ್ಲಿ ಬೇಕಾದಷ್ಟು ಸಿಗುವ ಗಿಡವೇ ಇದು ಎಂದು ತಪ್ಪಾಗಿ ಬರೆದಿಟ್ಟಿದ್ದರೆ ಅದರ ಅಳಿವಿಗೆ ಯಾರು ಮರುಗುತ್ತಿದ್ದರು? ಲೆಕ್ಕದ ಪುಸ್ತಕದಲ್ಲಿ ಹೆಸರಿಲ್ಲದವನ ನಷ್ಟ ಲೆಕ್ಕಕ್ಕೇ ಬಾರದು.

2022ರಲ್ಲಿ ಬೋರ್ನಿಯೊದ ಒಂದು ಹೊಸ ಪ್ರಭೇದದ ವರ್ಣನೆ ಪ್ರಕಟವಾಯಿತು. ಅದು ತನ್ನ ಹೂಜಿಗಳನ್ನು ನೆಲದೊಳಗೆ ಬಿಡುತ್ತದೆ. ಹೂಜಿ ಗಿಡದ ಬಗೆಗೆ ಕಲಿಯಬೇಕಾದುದು ಇನ್ನೂ ಮುಗಿದಿಲ್ಲ. ಮಡಗಾಸ್ಕರಿನಲ್ಲಿ ಫ್ಲಾಕೂರನು ತಪ್ಪು ಕಂಡನು, ಆದರೆ ಕಂಡುದನ್ನು ಬರೆದಿಟ್ಟನು. ಅದರಿಂದಲೇ ಮುಂದಿನವನು ತಿದ್ದಲು ಸಾಧ್ಯವಾಯಿತು. ತಪ್ಪದಿರುವುದು ಅರಿವಿನ ಹಿರಿಮೆಯಲ್ಲ. ತಪ್ಪನ್ನು ಒಪ್ಪಿ ತಿದ್ದಿಕೊಳ್ಳುವುದೇ ಅದರ ಹಿರಿಮೆ. ಬದಲಾಗುವ ಶಾಸ್ತ್ರವನ್ನು ನಂಬುವುದು ಹೇಗೆ ಎಂದು ಕೇಳುವವರಿಗೆ ಇಷ್ಟು ಹೇಳಬಹುದು: ಅದು ಬದಲಾಗುವುದರಿಂದಲೇ ನಂಬಿಕೆಗೆ ಅರ್ಹವಾಗಿದೆ.